ಮನೆಯಳಿಯನ ಚೆಂಡು

ಯುದ್ಧ ಮುಗಿದ ವರ್ಷ, ಸುಗ್ಗಿಗೆ ಇನ್ನೂ ಸ್ವಲ್ಪ ದಿನ ಇರುವಾಗ, ಕೊಂಡಪ್ಪ ಬೆಂಗಳೂರಿನ ಕೆಲಸ ಕಳೆದುಕೊಂಡು ಊರಿಗೆ ಬಂದ. ಹೊಸೂರಿನವರೆಗೆ ಇದ್ದಿಲಿನಿಂದ ಓಡುವ ಬಸ್ಸು, ಅಲ್ಲಿಂದ ಸಾನಮಾವಿನ ಕಾಡಂಚಿನ ತನ್ನ ಹಳ್ಳಿಗೆ ಕಾಲ್ನಡಿಗೆ. ಹೆಂಡತಿ ಕದಿರಮ್ಮ ಹೊಸಿಲಲ್ಲೇ ನಿಂತು ಅವನ ಕೈಗಳನ್ನು ನೋಡಿದಳು. ಒಂದು ಕೈಯಲ್ಲಿ ತಗಡಿನ ಪೆಟ್ಟಿಗೆ. ಇನ್ನೊಂದರಲ್ಲಿ ಹಿಡಿಯ ಕಡೆ ಸಣ್ಣಗಾಗಿ ತುದಿಯ ಕಡೆ ದಪ್ಪಗಾದ, ನುಣ್ಣನೆಯ ಒಂದು ಕೋಲು.

"ಇದೇನಿದು?"

"ಬ್ಯಾಟು."

"ಮೂರು ವರ್ಷ ಇಮಾನದ ಫ್ಯಾಕ್ಟ್ರೀಲಿ ಗೇದು ಮನೆಗೆ ಕೋಲು ತಂದ್ಯಾ?"

"ಚೆಂಡೂ ತಂದಿವ್ನಿ" ಎಂದು ಕೊಂಡಪ್ಪ ನಕ್ಕ.

ಕದಿರಮ್ಮ ನಗಲಿಲ್ಲ. ಆ ಮೂರು ವರ್ಷ ರಾಗಿ ಬಿತ್ತಿದವಳು, ಕಳೆ ತೆಗೆಸಿದವಳು, ತೆನೆ ಬಡಿದವಳು ಅವಳು. ಆನೆ ಹೊಲಕ್ಕೆ ಇಳಿದಾಗ ಅಟ್ಟಣೆಯ ಮೇಲೆ ನಿಂತು ತಗಡು ಬಡಿದವಳೂ ಅವಳೇ. ಗಂಡ ಬಂದಾನು, ಹೊಲಕ್ಕೆ ಒಂದು ಗಂಡಾಳಾದೀತು ಎಂದುಕೊಂಡಿದ್ದಳು. ಬಂದವನ ಬಾಯಲ್ಲಿ ಆ ಚೆಂಡಿನ ಮಾತು ಬಿಟ್ಟರೆ ಬೇರೆ ಇರಲಿಲ್ಲ.

ಫ್ಯಾಕ್ಟರಿಯ ಪಕ್ಕದ ಬಯಲಿನಲ್ಲಿ ಅಮೆರಿಕದ ಸೋಲ್ಜರುಗಳು ಸಂಜೆ ಆಡುತ್ತಿದ್ದ ಆಟ ಅದು. ಚೆಂಡು ಕಿತ್ತಳೆಗಿಂತ ದೊಡ್ಡದು, ಚಕ್ಕೋತಕ್ಕಿಂತ ಚಿಕ್ಕದು. ಒಳಗೆ ಬೂರುಗದ ಅರಳೆ, ಅದರ ಸುತ್ತ ದಾರ, ಮೇಲೆ ಬಿಳಿ ತೊಗಲು. ಏಳೆಂಟು ಮಾರು ದೂರದಲ್ಲಿ ನಿಂತು ಒಬ್ಬ ಕೈಯನ್ನು ಸೊಂಟದ ಕೆಳಗಿನಿಂದ ಬೀಸಿ ಚೆಂಡು ಎಸೆಯಬೇಕು, ಇನ್ನೊಬ್ಬ ಬ್ಯಾಟಿನಿಂದ ಹೊಡೆದು ಓಡಬೇಕು. ಸಂಕ್ರಾಂತಿ ಕಳೆದು ಕಣದ ಕೆಲಸ ಮುಗಿಯುವ ಹೊತ್ತಿಗೆ ಕೆರೆ ಬತ್ತಿ ಅಂಗಳ ಒಣಗಿತ್ತು. ಕೊಂಡಪ್ಪ ಊರಿನ ಹತ್ತು ಹನ್ನೆರಡು ಗಂಡಸರನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಆಟ ಕಲಿಸಿದ.

"ಹೆಸ್ರಿಗೆ ಸಾಫ್ಟು ಬಾಲು" ಎಂದು ಹೇಳಿಕೊಟ್ಟ. "ಹೊಸದ್ರಲ್ಲಿ ಇದೂ ಗಟ್ಟೀನೇ. ಅವ್ರು ಕೈಗೆ ತೊಗಲಿನ ಗವುಸು ಹಾಕ್ಕೊಂಡು ಹಿಡೀತಿದ್ರು. ನಮ್ಗೆ ಗವುಸೆಲ್ಲಿ ಬರ್ಬೇಕು? ಅದ್ಕೇ ಏಟು ತಿಂದು ತಿಂದು ಮೆತ್ತಗಾಗಿರೋದನ್ನೇ ಕೇಳಿ ಈಸ್ಕೊಂಡು ಬಂದೆ."

ಎಸೆಯುವುದರಲ್ಲಿ ಕೊಂಡಪ್ಪನನ್ನು ಮೀರಿಸುವವರಿರಲಿಲ್ಲ. ಅವನ ಕೈಗೆ ಹೆಚ್ಚು ಬಲಿಯಾದವನು ಆವುಲಪ್ಪ.

ಆವುಲಪ್ಪ ಕೆಲಮಂಗಲದ ಕಡೆಯವನು, ಈ ಊರಿನ ಹಿರಿಯ ದೊಡ್ಡವೆಂಕಟಪ್ಪನ ಮಗಳು ಅಕ್ಕಯಮ್ಮನನ್ನು ಮದುವೆಯಾಗಿ ಮಾವನ ಮನೆಯಲ್ಲೇ ಉಳಿದವನು. ದೊಡ್ಡವೆಂಕಟಪ್ಪನಿಗೆ ಗಂಡುಮಕ್ಕಳಿಲ್ಲ. ಕೊಂಡಪ್ಪ ಅವನ ತಮ್ಮನ ಮಗ. ಮುದುಕನ ಕಾಲಾನಂತರ ಕೆರೆ ಕೆಳಗಿನ ಗದ್ದೆ ಅಳಿಯನಿಗೋ, ವಂಶದ ಕುಡಿಗೋ? ಯಾರೂ ಬಾಯಿಬಿಟ್ಟು ಕೇಳಿರಲಿಲ್ಲ. ಆದರೆ ಇಬ್ಬರ ಮನಸ್ಸಿನಲ್ಲೂ ಅದು ಕೂತಿತ್ತು.

ಆವುಲಪ್ಪ ಗಾಡಿಯ ಚಕ್ರವನ್ನು ಒಬ್ಬನೇ ಎತ್ತುವಂಥ ಆಳು. ಆದರೆ ಮೆತ್ತನೆಯ ಚೆಂಡಿನ ಮುಂದೆ ಆ ಬಲ ಕೆಲಸಕ್ಕೆ ಬರಲಿಲ್ಲ. ಅದಕ್ಕೆ ಬೇಕಾಗಿದ್ದುದು ಹಗುರ ಬ್ಯಾಟು, ಚುರುಕು ಕೈ. ಅವನು ಮೈಯ ಶಕ್ತಿಯನ್ನೆಲ್ಲ ಹಾಕಿ ಬೀಸುತ್ತಿದ್ದ, ಚೆಂಡು ಬರುವ ಮುಂಚೆಯೋ ಬಂದು ಹೋದ ಮೇಲೋ. ಅಪ್ಪಿತಪ್ಪಿ ತಾಕಿದರೂ ಅದು ಹಿಟ್ಟಿನ ಉಂಡೆಯ ಹಾಗೆ ಅಮುಕಿಕೊಂಡು ಅವನ ಕಾಲ ಬಳಿಯೇ ಬೀಳುತ್ತಿತ್ತು.

ಕೊಂಡಪ್ಪ ಸುಮ್ಮನಿರುವ ಗಿರಾಕಿಯಲ್ಲ. "ಭಾವ, ಒನಕೆ ತರಿಸ್ಲಾ?" ಎನ್ನುತ್ತಿದ್ದ. ಒಂದು ದಿನ ಎಲ್ಲರೆದುರು, "ಮಾವನ ಮನೆ ಮುದ್ದೆ ಇಳೀತದೆ, ಏಟು ಮಾತ್ರ ಏಳಾಕಿಲ್ಲ" ಎಂದುಬಿಟ್ಟ. ಕೆರೆಯಂಗಳವೆಲ್ಲ ನಕ್ಕಿತು. ಏರಿಯ ಮೇಲೆ ಕೂತು ನೋಡುತ್ತಿದ್ದ ದೊಡ್ಡವೆಂಕಟಪ್ಪನೂ ಟವಲು ಬಾಯಿಗೆ ಅಡ್ಡ ಹಿಡಿದದ್ದನ್ನು ಆವುಲಪ್ಪ ಕಂಡ. ಉಳಿದವರ ನಗು ಅವನಿಗೆ ಲೆಕ್ಕಕ್ಕಿರಲಿಲ್ಲ. ಮಾವನ ನಗು ಎದೆಗೆ ಇಳಿಯಿತು.

ಮೊದಲು ಅವನು ಬ್ಯಾಟು ಬದಲಿಸಿದ. ಗಾಡಿಯ ಅಚ್ಚಿಗೆಂದು ಇಟ್ಟಿದ್ದ ಜಾಲಿಯ ತುಂಡನ್ನು ಕೆತ್ತಿ ತೋಳಿನ ದಪ್ಪದ ಬ್ಯಾಟು ಮಾಡಿಕೊಂಡ. ಅದರಿಂದ ಇನ್ನೂ ಕೆಟ್ಟಿತು. ಅಷ್ಟು ಭಾರದ್ದನ್ನು ತಿರುಗಿಸುವಷ್ಟರಲ್ಲಿ ಚೆಂಡು ಹಿಂದಿನವನ ಕೈ ಸೇರಿರುತ್ತಿತ್ತು. ತಪ್ಪು ಬ್ಯಾಟಿನದಲ್ಲ, ಚೆಂಡಿನದು ಎಂದು ಅವನು ತೀರ್ಮಾನಿಸಿದ್ದು ಆಗ.

ಅವನ ಅದೃಷ್ಟಕ್ಕೆ ಯುಗಾದಿ ಹತ್ತಿರ ಬಂದಾಗ ಬಿಳಿ ಚೆಂಡಿನ ಹೊಲಿಗೆ ಬಿಚ್ಚಿಕೊಂಡು ಅರಳೆ ಆಚೆ ಬಂತು.

"ಅವಲಪಲ್ಲಿ ಹತ್ರ ಬೂರುಗದ ಮರ ಐತೆ" ಎಂದ ಕೊಂಡಪ್ಪ. "ಕಾಯಿ ಬಿರಿಯೋವರ್ಗೂ ತಡೀರಿ. ಹೊಸ ಅರಳೆ ತುಂಬಿ ಹೊಲಿತೀನಿ."

"ನಿನ್ನ ದಿಂಬು ಯಾರಿಗ್ಲಾ ಬೇಕು?" ಎಂದ ಆವುಲಪ್ಪ. "ಚೆಂಡು ನಾನ್ ಮಾಡ್ಕೊಂಡು ಬತ್ತೀನಿ."

ಅವನು ಮರದ ಗುಂಡೊಂದನ್ನು ಕೆತ್ತಿ, ಹಳೆಯ ಲಾರಿ ಟ್ಯೂಬನ್ನು ಪಟ್ಟಿ ಪಟ್ಟಿಯಾಗಿ ಸೀಳಿ, ಹಲ್ಲು ಕಚ್ಚಿ ಎಳೆದು ಅದರ ಸುತ್ತ ಸುತ್ತಿದ. ಮೇಲೆ ಹಸಿ ತೊಗಲು ಹೊಲಿದು ಬಿಸಿಲಿಗಿಟ್ಟ. ಒಣಗಿದಂತೆಲ್ಲ ತೊಗಲು ಬಿಗಿದು ಒಳಗಿನದನ್ನೆಲ್ಲ ಹಿಡಿದುಕೊಂಡಿತು. ಅದನ್ನು ಅಂಗಳದ ಒರಳಿನ ಮೇಲೆ ಬಿಟ್ಟು ನೋಡಿದಾಗ ಎದ್ದ ಸದ್ದಿಗೆ ಅಕ್ಕಯಮ್ಮ ಒಳಗಿನಿಂದ ಬಂದಳು.

"ಯಾರ ತಲೆಗೆ ಇದು?"

"ಆಟಕ್ಕೆ."

"ಆಟಕ್ಕೆ ಇಷ್ಟು ಹಲ್ಲು ಕಡೀಬೇಕಾ?" ಎಂದಳು. ಅವನು ಚೆಂಡನ್ನು ಟವಲಿನಲ್ಲಿ ಸುತ್ತಿಕೊಂಡು ಹೊರಗೆ ಹೋದ.

ಮರುದಿನ ಕೆರೆಯಂಗಳದಲ್ಲಿ ಕೊಂಡಪ್ಪ ಹೊಸ ಚೆಂಡನ್ನು ಕೈಗೆ ತೆಗೆದುಕೊಂಡು ಹೆಬ್ಬೆರಳಿನಿಂದ ಒತ್ತಿದ. ಒಂದಿಷ್ಟೂ ತಗ್ಗಲಿಲ್ಲ.

"ಇದು ಕಲ್ಲು ಕಣ್ಲಾ, ಚೆಂಡಲ್ಲ. ಬರೀ ಕೈಲಿ ಇದನ್ನ ಯಾರು ಹಿಡಿಯೋದು?"

ಆವುಲಪ್ಪ ಕೆರೆ ಏರಿಯ ಕಡೆ ಕೈ ತೋರಿಸಿದ. ಕದಿರಮ್ಮ ಹುಲ್ಲಿನ ಹೊರೆ ತಲೆಯ ಮೇಲೆ ಹೊತ್ತು, ಗಂಡನನ್ನು ಕರೆಯಲು ಬಂದು ನಿಂತಿದ್ದಳು. "ಹೆದ್ರಿಕೆ ಆದ್ರೆ ಹೇಳ್ಬುಡು. ನಿನ್ನ ಹೆಂಡ್ರು ಸೆರಗು ಅಲ್ಲೇ ಐತೆ, ಹೋಗಿ ಹಿಂದೆ ಅವಿತ್ಕೋ."

ಮೊನ್ನೆಯವರೆಗೆ ಆವುಲಪ್ಪನನ್ನು ನೋಡಿ ನಕ್ಕಿದ್ದವರೇ ಈಗ ಕೊಂಡಪ್ಪನನ್ನು ನೋಡಿ ನಕ್ಕರು. ಕೊಂಡಪ್ಪ ಹೆಂಡತಿಯ ಮುಖ ನೋಡಿದ.

"ಆಡೋದಾದ್ರೆ ಆಡು, ಇಲ್ದಿದ್ರೆ ಮನೆಗ್ ಬಾ" ಎಂದಳು ಅವಳು ಬೇಸರದಿಂದ. "ಎಮ್ಮೆ ಕಟ್ಟೋ ಹೊತ್ತಾಯ್ತು."

ಅವನು ಎಸೆಯುವ ಜಾಗಕ್ಕೆ ಹೋಗಿ ನಿಂತ.

ಮೊದಲು ಹೊಡೆಯಲು ಬಂದವನು ಪಾಪಯ್ಯ ಎಂಬ ಪಕ್ಕದ ಮನೆಯ ಹುಡುಗ. ಎಂದಿನಂತೆ ಕೊಂಡಪ್ಪನ ಹಗುರ ಬ್ಯಾಟನ್ನೇ ಹಿಡಿದಿದ್ದ. ಚೆಂಡು ತಾಕಿದ್ದೇ ಬ್ಯಾಟು ಹಿಡಿಯ ಹತ್ತಿರ ಉದ್ದಕ್ಕೆ ಸೀಳಿತು. ಪಾಪಯ್ಯ ಅದನ್ನು ಕೆಳಗೆ ಹಾಕಿ ಎರಡೂ ಅಂಗೈಗಳನ್ನು ತೊಡೆಯ ಸಂದಿಯಲ್ಲಿ ಒತ್ತಿಕೊಂಡ.

ಕೊಂಡಪ್ಪ ಓಡಿ ಬಂದು ಬ್ಯಾಟನ್ನು ಎತ್ತಿ ನೋಡಿದ. ಬೆಂಗಳೂರಿನ ಮೂರು ವರ್ಷದಲ್ಲಿ ಅವನಿಗೆ ಉಳಿದದ್ದು ಅದೊಂದೇ.

"ಅಂಥ ಹಗುರದ್ದು ಇದಕ್ಕೆ ತಡಿಯಾಕಿಲ್ಲ" ಎಂದ ಆವುಲಪ್ಪ, ಜಾಲಿಯ ಬ್ಯಾಟನ್ನು ಹೆಗಲಿಗೇರಿಸುತ್ತ. "ಇದಕ್ಕೆ ಇಂಥದ್ದೇ ಬೇಕು. ಎಸೀಲಾ, ನೋಡಾನ."

ಆಟ ನಿಲ್ಲಿಸಿ ಮನೆಗೆ ಹೋಗಬೇಕಾದ ಗಳಿಗೆ ಅದು. ಕೊಂಡಪ್ಪನಿಗೆ ಕಣ್ಣು ಕಾಣದಷ್ಟು ಸಿಟ್ಟು ಬಂದಿತ್ತು. ತಿರುಗಿ ಹೋದವನು, ಎಸೆಯುವ ಗೆರೆಗಿಂತ ಮುಂದಕ್ಕೆ ಹೆಜ್ಜೆ ಹಾಕಿ, ಎಂದೂ ಎಸೆಯದಷ್ಟು ಜೋರಾಗಿ ನೇರವಾಗಿ ಎಸೆದ. ಆ ದಿನ ಆವುಲಪ್ಪ ಎಸೆಯುವವನ ಕೈ ಕದಲಿದಾಗಲೇ ಬೀಸತೊಡಗಿದ್ದ, ಬೀಸು ತಡವಾಗಲಿಲ್ಲ. ಮರಕ್ಕೆ ಮರ ಬಡಿದಂಥ ಸದ್ದು ಕೇಳಿತು. ಚೆಂಡು ಬಂದಷ್ಟೇ ವೇಗದಲ್ಲಿ ಹಿಂದಿರುಗಿತು. ಕೊಂಡಪ್ಪನ ಕೈ ಇನ್ನೂ ಕೆಳಗೇ ಇತ್ತು. ಎಡಗಣ್ಣಿನ ಕೆಳಗಿನ ಮೂಳೆಗೆ ಬಡಿದ ಏಟಿಗೆ ಅವನು ಸದ್ದಿಲ್ಲದೆ ಮಗ್ಗುಲಿಗೆ ಬಿದ್ದ.

ಕದಿರಮ್ಮ ಹುಲ್ಲಿನ ಹೊರೆ ಎಲ್ಲಿ ಬಿಟ್ಟಳೋ ಅವಳಿಗೆ ಗೊತ್ತಿಲ್ಲ. ಅವಳು ಓಡಿ ಬಂದು ಗಂಡನ ಮುಖ ತಿರುಗಿಸಿದಾಗ ಕಣ್ಣಿದ್ದ ಜಾಗದಲ್ಲಿ ರಕ್ತ ಮಾತ್ರ ಇತ್ತು. ತಲೆ ಎತ್ತಿದಳು. ಆವುಲಪ್ಪ ಬ್ಯಾಟು ಹಿಡಿದು ನಿಂತಲ್ಲೇ ನಿಂತಿದ್ದ, ಒಂದು ಹೆಜ್ಜೆಯೂ ಹತ್ತಿರ ಬಂದಿರಲಿಲ್ಲ.

ಗಾಡಿ ಕಟ್ಟಿ ಹೊಸೂರಿಗೆ ಒಯ್ದರು. ಅಲ್ಲಿನ ಡಾಕ್ಟರು ತಮಿಳರು. ಬಟ್ಟೆ ಸರಿಸಿ ನೋಡಿ, "ಕಣ್ಣು ಪೋಚ್ಚು ಅಮ್ಮಾ" ಎಂದು ತಲೆಯಾಡಿಸಿ ಬೆಂಗಳೂರಿಗೆ ಕಳಿಸಿದರು. ಬೆಂಗಳೂರಿನಲ್ಲೂ ಕಣ್ಣು ಉಳಿಯಲಿಲ್ಲ. ಕೆನ್ನೆಯ ಮೂಳೆ ಕೂಡಿಕೊಂಡು ಕೊಂಡಪ್ಪ ಮನೆಗೆ ಬಂದಾಗ ಯುಗಾದಿ ಕಳೆದು ಮೊದಲ ಮಳೆ ಬಿದ್ದಿತ್ತು. ಲೋಟ ಹಿಡಿಯಲು ಹೋದರೆ ಅವನ ಕೈ ಲೋಟದ ಪಕ್ಕಕ್ಕೆ ಹೋಗುತ್ತಿತ್ತು.

ದೊಡ್ಡವೆಂಕಟಪ್ಪನ ಮನೆಯ ಜಗಲಿಯ ಮೇಲೆ ಊರು ಸೇರಿತು. ತೀರ್ಪು ಹೇಳಬೇಕಾದವನು ಅವನೇ. ಒಂದು ಕಡೆ ಅಳಿಯ, ಇನ್ನೊಂದು ಕಡೆ ತಮ್ಮನ ಮಗ. ಮುದುಕ ತಲೆ ಬಗ್ಗಿಸಿ ಕೂತಿದ್ದ.

"ಆಟ ಅಂದ್ಮೇಲೆ ಏಟು ಬೀಳ್ತದೆ" ಎಂದ ಆವುಲಪ್ಪ. "ಚೆಂಡು ಅವ್ನ ಕೈಲಿತ್ತು. ಗಟ್ಟಿ ಅಂತ ಅವ್ನೇ ಬಾಯ್ಬಿಟ್ಟು ಹೇಳ್ದ. ಹೇಳಿ ಎಸ್ದ, ಅದೂ ಗೆರೆ ದಾಟ್ಕೊಂಡು ಬಂದು. ನಾನೇನು ಮುಖ ನೋಡಿ ಹೊಡುದ್ನಾ?"

ಅದರಲ್ಲಿ ಸುಳ್ಳಿರಲಿಲ್ಲ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕದಿರಮ್ಮ ಕಂಬದ ಪಕ್ಕದಿಂದ ಮುಂದೆ ಬಂದಳು. ಅದುವರೆಗೆ ಅವಳು ಆವುಲಪ್ಪನನ್ನು ಅಣ್ಣ ಎಂದು ಕರೆಯುತ್ತಿದ್ದಳು.

"ಏ ಆವುಲಪ್ಪ" ಎಂದಳು. "ಅದು ಗಟ್ಟಿ ಅಂತ ನಿಂಗೆ ಗೊತ್ತಿತ್ತಾ, ಇಲ್ವಾ?"

"ಚೆಂಡು ಅಂದ್ರೆ ಚೆಂಡು. ಅದ್ರಲ್ಲಿ ಗಟ್ಟಿ ಯಾವ್ದು, ಮೆತ್ತಗೆ ಯಾವ್ದು?"

"ಹಂಗಾದ್ರೆ ಇವ್ನು ನಿಂತಿದ್ದ ಜಾಗ್ದಲ್ಲಿ ನೀನು ನಿಂತ್ಕೋ. ಅದೇ ಚೆಂಡು ನೀನ್ ಎಸಿ."

"ಹೊಡಿಯೋರು ಯಾರು? ನಿನ್ನ ಒಕ್ಕಣ್ಣನಾ?"

"ನಾನು."

ಒಂದಿಬ್ಬರು ನಕ್ಕರು. ಕೊಂಡಪ್ಪ ಹೆಂಡತಿಯ ಕೈ ಹಿಡಿದು ಎಳೆದ. "ಸುಮ್ಕಿರೇ, ಮಾನ ಕಳೀಬೇಡ." ಅವಳು ಕೈ ಕಿತ್ತುಕೊಂಡಳು.

"ಮಾವ, ನೀನು ಹೇಳು" ಎಂದು ದೊಡ್ಡವೆಂಕಟಪ್ಪನ ಕಡೆ ತಿರುಗಿದಳು. "ಬರೀ ಚೆಂಡು ಅಂತಾನೆ ನಿನ್ನ ಅಳಿಯ. ಬರೀ ಚೆಂಡಿಗೆ ಗಂಡಸು ಹೆದ್ರೋದುಂಟಾ?"

ಮುದುಕ ತಲೆ ಎತ್ತಿ ಜನರನ್ನು ನೋಡಿದ. ಆಮೇಲೆ ಅಳಿಯನನ್ನೇ ಕೇಳಿದ: "ನಿಂತ್ಕೊಂತೀಯಾ?"

ಅಷ್ಟು ಜನರ ಮುಂದೆ ಇಲ್ಲ ಎನ್ನುವುದು ಆವುಲಪ್ಪನ ಕೈಲಾಗಲಿಲ್ಲ. "ಹೆಂಗಸಿನ ಏಟಿಗೆ ನಂಗೇನು?" ಎಂದು ಎದ್ದ.

ಊರಿಗೆ ಊರೇ ಕೆರೆಯಂಗಳಕ್ಕೆ ಹೋಯಿತು. ಮೂಲೆಗಳಲ್ಲಿ ಮಳೆ ನೀರು ನಿಂತಿತ್ತು, ನಡುವಿನ ನೆಲ ಒಣಗಿತ್ತು. ಯಾರೋ ಸೀಳಿದ ಕಡೆ ಹುರಿ ಸುತ್ತಿದ್ದ ಹಗುರ ಬ್ಯಾಟನ್ನು ತಂದು ಕದಿರಮ್ಮನ ಕೈಗೆ ಕೊಟ್ಟರು. ಅವಳು ಅದನ್ನು ಪಕ್ಕಕ್ಕೆಸೆದಳು.

"ಕಲ್ಲಿನ ಮುಂದೆ ಇದು ಏನಾಯ್ತು ಅಂತ ನೋಡಿವ್ನಿ. ಅವ್ನು ಯಾವ್ದ್ರಲ್ಲಿ ಹೊಡುದ್ನೋ ಅದನ್ನ ತನ್ನಿ."

ಜಾಲಿಯ ಬ್ಯಾಟು ಬಂತು. ಎರಡು ಕೈಯಲ್ಲಿ ಹಿಡಿದು ತೂಕ ನೋಡಿದಳು. ಕಣದಲ್ಲಿ ತೆನೆ ಬಡಿಯುವ ದೊಣ್ಣೆಗಿಂತ ಸ್ವಲ್ಪ ಭಾರ, ಅಷ್ಟೆ. ಸೆರಗನ್ನು ಸೊಂಟಕ್ಕೆ ಬಿಗಿದು, ಗಂಡ ಊರಿನವರಿಗೆ ತೋರಿಸಿಕೊಟ್ಟಂತೆ ಅಲ್ಲ, ರಾಗಿ ಬಡಿಯುವಾಗ ನಿಲ್ಲುವಂತೆ ಕಾಲು ಅಗಲಿಸಿ ನಿಂತಳು.

ಆವುಲಪ್ಪ ಏಳೆಂಟು ಮಾರು ದೂರದಲ್ಲಿ ಚೆಂಡು ಹಿಡಿದು ನಿಂತ. ಆ ಜಾಗದಲ್ಲಿ ಅವನು ಎಂದೂ ನಿಂತವನಲ್ಲ. ಹೊಡೆಯುವ ಜಾಗದಿಂದ ಅದು ದೂರ ಎನಿಸುತ್ತಿತ್ತು. ಇಲ್ಲಿಂದ ನೋಡಿದರೆ ಆ ಹೆಂಗಸು, ಅವಳ ಬ್ಯಾಟು, ಕಣ್ಣೆದುರಿಗೇ ಇದ್ದ ಹಾಗಿತ್ತು. ಕೈಯಲ್ಲಿ ಚೆಂಡಿತ್ತು. ಅದರೊಳಗೆ ಏನಿದೆ ಎಂದು ಅಲ್ಲಿದ್ದವರಲ್ಲಿ ಅವನೊಬ್ಬನಿಗೇ ಪೂರ್ತಿ ಗೊತ್ತು.

ಎಸೆದ. ಚೆಂಡು ಕದಿರಮ್ಮನಿಂದ ಎರಡು ಮಾರು ಆಚೆ ಹೋಗಿ ಬಿತ್ತು.

"ಕೈ ಜಾರ್ತು" ಎಂದ.

ಪಾಪಯ್ಯ ಚೆಂಡು ತಂದುಕೊಟ್ಟ. ಎರಡನೆಯದು ಈ ಕಡೆ ಅಗಲವಾಗಿ ಹೋಯಿತು. ಮೂರನೆಯದು ಅವಳವರೆಗೆ ಬರಲೇ ಇಲ್ಲ, ನಡುವೆಯೇ ನೆಲಕ್ಕೆ ಬಡಿದು ಪಕ್ಕಕ್ಕೆ ಹಾರಿತು. ಈಗ ಯಾರೂ ನಗುತ್ತಿರಲಿಲ್ಲ.

"ನೆಟ್ಟಗೆ ಎಸೀಲಾ" ಎಂದು ಕೊಂಡಪ್ಪ ಏರಿಯ ಮೇಲಿನಿಂದ ಕೂಗಿದ. ಕೆನ್ನೆಯ ಗಾಯಕ್ಕೆ ಅವನ ಬಾಯಿ ಸೊಟ್ಟಗಾಗಿತ್ತು, ಆದರೂ ಮಾತು ಎಲ್ಲರಿಗೂ ಕೇಳಿಸಿತು. "ನನ್ಗೆ ನೆಟ್ಟಗೆ ಬಂತಲ್ಲ!"

ಆವುಲಪ್ಪನ ಹಣೆಯಲ್ಲಿ ಬೆವರಿಳಿಯುತ್ತಿತ್ತು. ಕೈ ಹಿಂದಕ್ಕೊಯ್ದ. ಕದಿರಮ್ಮ ಬ್ಯಾಟು ಮೇಲೆತ್ತಿದಳು. ಹಿಂದಕ್ಕೆ ಹೋದ ಕೈ ಮುಂದಕ್ಕೆ ಬರಲಿಲ್ಲ.

"ಎಸಿ" ಎಂದಳು ಅವಳು. "ಚೆಂಡು ತಾನೆ."

ಅಕ್ಕಯಮ್ಮ ಗುಂಪಿನಿಂದ ನುಗ್ಗಿ ಬಂದು ಗಂಡನ ಮುಂದೆ ನಿಂತಳು. "ಬೇಡ! ಎಸೀಬೇಡ! ಒರಳು ಒಡೆದೋಗೋ ಹಂಗೆ ಸದ್ದಾಯ್ತು ಅದು, ನಾನೇ ಕೇಳಿವ್ನಿ!" ಹೇಳಿದ ಮೇಲೆ ತಾನೇನು ಹೇಳಿದೆ ಎಂದು ಅವಳಿಗೆ ಹೊಳೆಯಿತು. ಸೆರಗು ಬಾಯಿಗೆ ಒತ್ತಿಕೊಂಡಳು.

ಆವುಲಪ್ಪ ಹೆಂಡತಿಯನ್ನು ತಳ್ಳಿ, ಚೆಂಡನ್ನು ಮೂಲೆಯ ಕೆಸರಿನೊಳಕ್ಕೆ ಬೀಸಿ ಎಸೆದು, ಯಾರ ಮುಖವನ್ನೂ ನೋಡದೆ ಊರ ಕಡೆ ನಡೆದ. ತಪ್ಪಾಯಿತು ಎಂಬ ಮಾತು ಅವನ ಬಾಯಿಂದ ಬರಲಿಲ್ಲ.

ದೊಡ್ಡವೆಂಕಟಪ್ಪ ಅಲ್ಲೇ ನಿಂತು ತೀರ್ಪು ಹೇಳಿದ. ಕೊಂಡಪ್ಪನ ಹೊಲವನ್ನು ಈ ಮುಂಗಾರಿಗೆ ಆವುಲಪ್ಪನೇ ಉತ್ತು ಬಿತ್ತಬೇಕು, ಕೊಂಡಪ್ಪನ ಕೈಗೆ ಅಂದಾಜು ಬರುವವರೆಗೂ ಮುಂದಿನ ವರ್ಷಗಳಲ್ಲೂ. ಇನ್ನು ಊರಿನಲ್ಲಿ ಯಾರಾದರೂ ಆ ಆಟ ಆಡುವುದಾದರೆ, ಎಸೆಯುವವನು ಮೊದಲು ಹೆಬ್ಬೆರಳು ಒತ್ತಿ ನೋಡಬೇಕು, ತಗ್ಗದ ಚೆಂಡನ್ನು ಒಲೆಗೆ ಹಾಕಬೇಕು. ಆದರೆ ಆ ಆಟವನ್ನು ಅಲ್ಲಿ ಮತ್ತೆ ಯಾರೂ ಆಡಲಿಲ್ಲ.

ಮನೆಗೆ ಹೋಗುವ ದಾರಿಯಲ್ಲಿ ಕೊಂಡಪ್ಪ ಹೆಂಡತಿಯಿಂದ ದೂರ ನಡೆದ.

"ನನ್ನ ಬದ್ಲು ನೀನು ಬ್ಯಾಟು ಹಿಡ್ದೆ. ಇನ್ಮೇಲೆ ಊರೋರು ನನ್ನ ಏನಂತಾರೆ?"

"ಒಕ್ಕಣ್ಣ ಅಂತಾರೆ. ಅದಕ್ಕಿಂತ ಇನ್ನೇನು ಅಂದಾರು?"

"ನೀನೇ ತಾನೆ ಅವತ್ತು ಆಡು ಅಂದಿದ್ದು?"

ಕದಿರಮ್ಮ ನಿಂತಳು. ಅವಳಿಗೆ ಆ ಮಾತು ನೆನಪಿರದ ದಿನವೇ ಇರಲಿಲ್ಲ. "ಮನೆಗ್ ಬಾ ಅಂತಾನೂ ಅಂದಿದ್ದೆ" ಎಂದು ಹೇಳಿ ಮುಂದೆ ನಡೆದಳು. ಆಮೇಲೆ ಎಷ್ಟೋ ದಿನ ಇಬ್ಬರ ನಡುವೆ ಮುದ್ದೆ, ನೀರು, ಎಮ್ಮೆ ಇವಿಷ್ಟರ ಮಾತೇ ನಡೆಯಿತು.

ಮುಂಗಾರು ಹಿಡಿದಾಗ ಆವುಲಪ್ಪ ಮಾವನ ಎತ್ತು ಹೊಡೆದುಕೊಂಡು ಕೊಂಡಪ್ಪನ ಹೊಲಕ್ಕೆ ಬಂದ. ಉಳುವವನಿಗೆ ಊಟ ಹಾಕದೆ ಇರುವ ಪದ್ಧತಿ ಆ ಸೀಮೆಯಲ್ಲಿಲ್ಲ. ಕದಿರಮ್ಮ ಮುದ್ದೆ, ಹುರುಳಿ ಸಾರು ತಂದು ಬದುವಿನ ಮೇಲೆ ಇಟ್ಟು, ಉಣ್ಣು ಎಂದೂ ಅನ್ನದೆ ಮುಖ ತಿರುಗಿಸಿ ಕೂರುತ್ತಿದ್ದಳು. ಅವನೂ ಮಾತಿಲ್ಲದೆ ಉಂಡು, ಕೈ ತೊಳೆದು, ನೇಗಿಲ ಹಿಂದೆ ಹೋಗುತ್ತಿದ್ದ.

ಮೂರನೆಯ ದಿನ ಕೊಂಡಪ್ಪನೂ ಹೊಲಕ್ಕೆ ಬಂದ. ಬದುವಿನ ಮೇಲೆ ನಿಂತು, ತಲೆ ಒಂದು ಪಕ್ಕಕ್ಕೆ ತಿರುಗಿಸಿ ನೋಡಿ, "ಸಾಲು ಸೊಟ್ಟಗೆ ಹೋಗ್ತಾ ಐತೆ" ಎಂದ. ಕೆರೆಯಂಗಳದ ಆ ದಿನದ ಮೇಲೆ ಅವನು ಆವುಲಪ್ಪನಿಗೆ ಆಡಿದ ಮೊದಲ ಮಾತು ಅದು.

ಆವುಲಪ್ಪ ಎತ್ತು ನಿಲ್ಲಿಸಲಿಲ್ಲ. "ಒಂದು ಕಣ್ಣಲ್ಲಿ ನೋಡಿದ್ರೆ ಹಂಗೇ ಕಾಣೋದು" ಎಂದ.

ಕೊಂಡಪ್ಪನ ಮುಖ ಬಿಳುಪೇರಿತು. ಅವನು ತಿರುಗಿ ಊರ ಕಡೆ ಹೋದ, ಬದುವಿನ ಕಲ್ಲಿಗೆ ಎಡವಿ, ಸಾವರಿಸಿಕೊಂಡು. ಕದಿರಮ್ಮ ಅವನು ಮರೆಯಾಗುವವರೆಗೂ ನೋಡಿದಳು. ಆಮೇಲೆ ಬದುವಿನ ಮೇಲಿಟ್ಟಿದ್ದ ಊಟವನ್ನು ಎತ್ತಿಕೊಂಡು ಸಾಲಿನ ತುದಿಗೆ ನಡೆದಳು. ಅಲ್ಲಿ ಎತ್ತುಗಳು ತಿರುಗಲು ನಿಂತಿದ್ದವು. ಆವುಲಪ್ಪ ನೋಡುತ್ತಿರುವಂತೆಯೇ ಮುದ್ದೆಯನ್ನು ಎರಡು ಪಾಲು ಮಾಡಿ ಎರಡು ಎತ್ತಿಗೂ ತಿನ್ನಿಸಿ, ಸಾರನ್ನು ನೆಲಕ್ಕೆ ಚೆಲ್ಲಿದಳು.

"ಇನ್ನೊಂದ್ಸಲ ಆ ಮಾತು ಆಡು" ಎಂದಳು. "ನೇಗಿಲ ಗುಳ ನಿನ್ನ ಕಾಲ ಮೇಲೆ ಹೋಗ್ತದೆ."

ಅವನು ಅವಳನ್ನು ನೋಡಿದ. ಚಾವಟಿ ಹಿಡಿದ ಕೈ ಬಿಗಿಯಿತು, ಸಡಿಲಾಯಿತು. ಎತ್ತುಗಳನ್ನು ತಿರುಗಿಸಿ ಸಂಜೆಯವರೆಗೂ ಹಸಿದ ಹೊಟ್ಟೆಯಲ್ಲೇ ಉತ್ತ.

ಇನ್ನು ಅವನು ಬರುವುದಿಲ್ಲ ಎಂದು ಊರು ಮಾತಾಡಿಕೊಂಡಿತು. ಮರುದಿನ ಬೆಳಕು ಹರಿಯುವ ಹೊತ್ತಿಗೆ ನೇಗಿಲು ಹೊತ್ತು ಬಂದ. ಅಂದಿನಿಂದ ಅವನ ಬುತ್ತಿಯನ್ನು ಅಕ್ಕಯಮ್ಮ ತರತೊಡಗಿದಳು. ಹೊಲದ ಆ ಬದುವಿನ ಮೇಲೆ ಅವಳು, ಈ ಬದುವಿನ ಮೇಲೆ ಕದಿರಮ್ಮ. ಬಿತ್ತನೆ ಮುಗಿಯುವವರೆಗೂ ಇಬ್ಬರೂ ಹಾಗೆಯೇ ಒಬ್ಬರಿಗೊಬ್ಬರು ಬೆನ್ನು ಹಾಕಿ ಕೂರುತ್ತಿದ್ದರು.